ಹತ್ಯಾರದ ಪೆಟ್ಟಿಗೆಯ ಪರ ವಕಾಲತ್ತು

ಕಟ್ಟಿಗೆಗೆ ಬಣ್ಣ ಹಚ್ಚಿ ಹಣ್ಣು ಮಾಡುವ ಕಸುಬು ಗೋಕಾಕದಲ್ಲಿ ಇಂದು ನಿನ್ನೆಯದಲ್ಲ. 1908ರ ಇಂಪೀರಿಯಲ್ ಗೆಜೆಟಿಯರ್ ಈ ಊರಿನ ಬಗ್ಗೆ ಬರೆದದ್ದು ಕೆಲವೇ ಸಾಲು. ಅಷ್ಟರಲ್ಲೂ ಹಗುರ ಕಟ್ಟಿಗೆಯಿಂದ ಮತ್ತು ಸುತ್ತಲಿನ ಒಂದು ಬಗೆಯ ಮಣ್ಣಿನಿಂದ ಇಲ್ಲಿ ಗೊಂಬೆ, ಹಣ್ಣುಗಳನ್ನು ಮಾಡುತ್ತಾರೆಂಬ ಮಾತಿಗೆ ಜಾಗ ಸಿಕ್ಕಿದೆ. ಬಾಳೆಹಣ್ಣು, ಮಾವಿನಹಣ್ಣು, ಪೇರಲ, ಬದನೆಕಾಯಿ ಎಲ್ಲವನ್ನೂ ತಾಟಿನಲ್ಲಿ ಜೋಡಿಸಿಟ್ಟರೆ ಮನೆಗೆ ಬಂದ ಬೀಗರು ಒಂದನ್ನಾದರೂ ಎತ್ತಿ ಬಾಯಿಯ ಹತ್ತಿರ ಒಯ್ಯಬೇಕು, ಅಷ್ಟು ಚೆಂದ. ತಿನ್ನಲು ಬಾರದ ಹಣ್ಣಿಗೆ ಇಷ್ಟು ಬಣ್ಣ ಸುರಿದ ಸೀಮೆಯಲ್ಲಿ, ಅನ್ನ ಹುಟ್ಟಿಸುವ ಉಳಿ, ಬಾಚಿ, ಗರಗಸಗಳು ಮಾತ್ರ ಖಾಲಿ ಸಿಮೆಂಟ್ ಚೀಲದಲ್ಲಿ ಸಂಸಾರ ಮಾಡುತ್ತಿವೆ. ಇದು ಅನ್ಯಾಯ ಎಂಬುದು ನನ್ನ ವಾದ. ಹತ್ಯಾರಕ್ಕೆ ಕಟ್ಟಿಗೆಯ ಪೆಟ್ಟಿಗೆ ಬೇಕು, ಆ ಪೆಟ್ಟಿಗೆಗೆ ಒಳ್ಳೆಯ ಬಣ್ಣ ಬೇಕು. ಬಣ್ಣವನ್ನು ಜನ ಶೋಕಿಯ ಲೆಕ್ಕಕ್ಕೆ ಬರೆಯುತ್ತಾರೆ. ನನ್ನ ಪ್ರಕಾರ ಆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ದುಡಿಯುವ ಹತ್ಯಾರ ಅದೇ.

ಮೊದಲು ಸದ್ಯದ ಪರಿಸ್ಥಿತಿ ನೋಡೋಣ. ಸಂಸಾರಸ್ಥರ ಮನೆಯಲ್ಲಿ ಹತ್ಯಾರಗಳಿಗೆ ಸ್ವಂತದ್ದೊಂದು ಜಾಗ ಇರುವುದಿಲ್ಲ. ಹತೋಡಿ ಟೆಂಗಿನಕಾಯಿ ಒಡೆಯುವ ಹುದ್ದೆಗೆ ಬಡ್ತಿ ಪಡೆದು ಅಡುಗೆಮನೆಯ ಕಿಟಕಿಯಲ್ಲಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಹೊಲಿಗೆ ಯಂತ್ರದ ಖಾನೆಯಲ್ಲಿ, ಪಕ್ಕಡ ಫ್ರಿಜ್ಜಿನ ಮೇಲೆ. ಮೊಳೆಗಳ ವಿಳಾಸವಂತೂ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು: ಕರದಂಟಿನ ಖಾಲಿ ಡಬ್ಬಿ. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲ ಎಲ್ಲ ಹೊಟ್ಟೆಗೆ ಹೋದ ಮೇಲೆ ಆ ಡಬ್ಬಿಗೆ ಎರಡನೆಯ ಜನ್ಮ ಬರುತ್ತದೆ. ಮುಚ್ಚಳದ ಮೇಲೆ ಗೋಕಾಕದ ಹೆಸರು, ಒಳಗೆ ಒಂದೂವರೆ ಇಂಚಿನ ಮೊಳೆ. ಕಸುಬುದಾರರ ಕಥೆಯೂ ಬೇರೆಯಲ್ಲ. ಊರಿಗೆಲ್ಲ ಕಪಾಟು, ಮಂಚ, ದೇವರ ಮಂಟಪ ಮಾಡಿಕೊಡುವವರ ರಂದಾ, ಪಟಾಶಿ, ಗುಣ್ಯಾಗಳು ಒಂದೇ ಚೀಲದಲ್ಲಿ ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲಿಗೆ ಜೋತುಬಿದ್ದು, ರಸ್ತೆಯ ಒಂದೊಂದು ತಗ್ಗಿಗೂ ಒಂದಕ್ಕೊಂದು ಹಣೆ ಚಚ್ಚಿಕೊಳ್ಳುತ್ತ ಹೋಗುತ್ತವೆ. ಮುಂಜಾನೆ ಗೋಕಾಕದಲ್ಲಿ ಕಲ್ಲಿನ ಮೇಲೆ ಮಸೆದ ಪಟಾಶಿಯ ಬಾಯಿ, ಗರಗಸದ ಹಲ್ಲಿಗೆ ತಾಗಿ ತಾಗಿ ಹುಕ್ಕೇರಿ ಮುಟ್ಟುವುದರೊಳಗೆ ಮೊಂಡಾಗಿರುತ್ತದೆ.

ಇದರ ಮೇಲೆ ತೇವದ ಕಾಟ. ಘಟಪ್ರಭೆ ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಬಂಡೆಯಿಂದ 170 ಅಡಿ ಕೆಳಗೆ ಬೀಳುವಾಗ ಏಳುವ ತುಂತುರು ಪ್ರವಾಸಿಗರ ಪಾಲಿಗೆ ಫೋಟೋ, ಕಬ್ಬಿಣದ ಪಾಲಿಗೆ ಜಂಗು. ಮೂಡಲಗಿಯ ಕಡೆ ಕಾಲುವೆ ನೀರು ಮತ್ತು ಕಬ್ಬಿನ ಹೊಲ. ಹುಕ್ಕೇರಿ ತಾಲೂಕಿನಲ್ಲಿ ಪಶ್ಚಿಮಕ್ಕೆ ಸರಿದಷ್ಟೂ ಮಳೆ ಹೆಚ್ಚು. ಪ್ಲಾಸ್ಟಿಕ್ ಚೀಲ ಹೊರಗಿನ ನೀರನ್ನು ತಡೆಯುತ್ತದೆ ನಿಜ, ಆದರೆ ಒಳಗೆ ಹೊಕ್ಕ ತೇವವನ್ನೂ ಅಷ್ಟೇ ನಿಷ್ಠೆಯಿಂದ ಒಳಗೇ ಕಾಯುತ್ತದೆ. ತಗಡಿನ ಟ್ರಂಕು ಬೆಳಗಿನ ಜಾವ ತಣ್ಣಗಾಗಿ ಒಳಮೈಯಲ್ಲೇ ಬೆವರುತ್ತದೆ. ಕಟ್ಟಿಗೆಯ ಗುಣ ಬೇರೆ. ಬಣ್ಣ ಹಚ್ಚದ ಒಳಮೈ ಹೆಚ್ಚಾದ ತೇವವನ್ನು ತಾನು ಸ್ವಲ್ಪ ಕುಡಿದು, ಹವೆ ಒಣಗಿದಾಗ ಮೆಲ್ಲಗೆ ಬಿಟ್ಟುಕೊಡುತ್ತದೆ. ಬಣ್ಣ ಹಚ್ಚಿದ ಹೊರಮೈ ಮಳೆಯನ್ನೂ ನೆಲ ಒರೆಸುವ ನೀರನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಹೊರಗೆ ಬಣ್ಣ, ಒಳಗೆ ಬರೀ ಕಟ್ಟಿಗೆ; ಹಳೆಯ ಪೆಟ್ಟಿಗೆಗಳ ಈ ಪದ್ಧತಿಯ ಹಿಂದೆ ಇಷ್ಟು ಲೆಕ್ಕಾಚಾರವಿದೆ.

ಪೆಟ್ಟಿಗೆ ಎಂದರೇನು, ನಾಲ್ಕು ಹಲಗೆ ತಂದು ಮೊಳೆ ಹೊಡೆದರೆ ಆಯಿತಲ್ಲ ಎನ್ನುವವರಿದ್ದಾರೆ. ಮೊಳೆ ಹೊಡೆದ ಪೆಟ್ಟಿಗೆ ಟೊಮ್ಯಾಟೊ ತುಂಬಿ ಸಂತೆಗೆ ಕಳಿಸಲು ಸಾಕು. ಕಬ್ಬಿಣ ತುಂಬಿದ ಪೆಟ್ಟಿಗೆಯ ಭಾರವನ್ನು ಹೊರುವುದು ಅದರ ಮೂಲೆಗಳು. ಪಾರಿವಾಳದ ಬಾಲದ ಆಕಾರದಲ್ಲಿ ಕೊಯ್ದ ಹಲ್ಲುಗಳು ಎದುರು ಹಲಗೆಯ ಕಚ್ಚುಗಳಲ್ಲಿ ಕೂತರೆ, ಆ ಹಲಗೆಯನ್ನು ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಮೊಳೆಯನ್ನು ಎಳೆದಷ್ಟೂ ಅದು ರಾಜೀನಾಮೆಗೆ ಸಿದ್ಧವಾಗುತ್ತದೆ. ಅಳತೆ ಶುರು ಮಾಡಬೇಕಾದದ್ದು ಗರಗಸದಿಂದ, ಏಕೆಂದರೆ ಅದು ಮಡಚಿ ಮಲಗುವ ಜಾತಿಯದಲ್ಲ. ಅದು ನೆಟ್ಟಗೆ ಮಲಗುವಷ್ಟು ಉದ್ದ, ಬಗ್ಗಿದರೆ ಕೈ ತಳ ಮುಟ್ಟುವಷ್ಟು ಆಳ, ಹಲಗೆ ಮುಕ್ಕಾಲು ಇಂಚು ದಪ್ಪ. ತಳದ ಹಲಗೆಗಳನ್ನು ಅಡ್ಡಲಾಗಿ ಹಾಸಿ ನಡುನಡುವೆ ಕೂದಲೆಳೆಯ ಸಂದು ಬಿಡಬೇಕು. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಂಟು ಸುರಿದು ಉಸಿರುಗಟ್ಟಿಸಿದರೆ ಆಷಾಢದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೀಳಿ ತನ್ನ ಸಿಟ್ಟು ತೀರಿಸಿಕೊಳ್ಳುತ್ತದೆ. ತಳದ ಕೆಳಗೆ ಎರಡು ಪಟ್ಟಿ ಹೊಡೆದರೆ ಪೆಟ್ಟಿಗೆ ನೆಲ ಬಿಟ್ಟು ನಿಲ್ಲುತ್ತದೆ. ಒರಲೆ ಮೊದಲು ಕೈಹಾಕುವುದು ಆ ಪಟ್ಟಿಗೆ. ಹಾಳಾದರೆ ಅದನ್ನಷ್ಟೇ ಬದಲಿಸಿದರಾಯಿತು. ಒಳಗೆ ಆಚೀಚೆ ಜಾರುವ ಎರಡು ಟ್ರೇ, ಹಿಂದೆ ಬಿಜಾಗರಿ, ಮುಂದೆ ಕೊಂಡಿ, ಎರಡೂ ಬದಿಗೆ ಹಗ್ಗದ ಹಿಡಿ. ಸಾಗವಾನಿಯ ದರ ಕೇಳಿ ಎದೆ ಝಲ್ಲೆಂದರೆ ಹಳೆಯ ಮನೆ ಕೆಡವಿದಲ್ಲಿ ಸಿಗುವ ಬಾಗಿಲ ಹಲಗೆ ತರಬಹುದು. ಬೇವು ಕೂಡ ಆದೀತು, ಅದರ ಕಹಿ ಹುಳಗಳಿಗೂ ಗೊತ್ತಿದೆ.

ಒಂದು ಪೆಟ್ಟಿಗೆಗೆ ಇಷ್ಟು ಸಡಗರ ಅತಿಯಾಯಿತು ಎನ್ನಿಸಿದರೆ ಹೊರಗಿನ ಸಾಕ್ಷಿಯನ್ನೂ ಕರೆಯಬಹುದು. ಸ್ವೀಡನ್ನಿನ ಗೋಟ್ಲಾಂಡ್ ದ್ವೀಪದಲ್ಲಿ ಮೇಸ್ಟರ್‌ಮಿರ್ ಎಂಬ ಜೌಗುಭೂಮಿಯಿದೆ. 1936ರಲ್ಲಿ ಅಲ್ಲಿ ಉಳುತ್ತಿದ್ದ ರೈತನ ನೇಗಿಲಿಗೆ ಒಂದು ಓಕ್ ಪೆಟ್ಟಿಗೆ ತಾಗಿತು. ಸುಮಾರು ಸಾವಿರ ವರ್ಷದ ಹಿಂದಿನ ಆ ಸಂಪತ್ತಿನಲ್ಲಿ ಬಡಿಗನ, ಕಮ್ಮಾರನ ಹತ್ಯಾರಗಳೂ ಸೇರಿ 200ಕ್ಕೂ ಹೆಚ್ಚು ವಸ್ತುಗಳಿದ್ದವು. ಒಡೆಯನ ಹೆಸರು ಅಳಿದಿದೆ, ಅವನ ದೊರೆಯ ಹೆಸರನ್ನು ಕೇಳುವವರಿಲ್ಲ, ಪೆಟ್ಟಿಗೆ ಮಾತ್ರ ಇದೆ. ಅಮೆರಿಕದಲ್ಲಿ ಪಿಯಾನೋ ಮಾಡುತ್ತಿದ್ದ ಎಚ್. ಒ. ಸ್ಟಡ್ಲಿ ಗೋಡೆಗೆ ತೂಗುಹಾಕಿ ಎರಡು ಕದ ತೆರೆಯುವ ಒಂದು ಪೆಟ್ಟಿಗೆಯಲ್ಲಿ ಸುಮಾರು 300 ಹತ್ಯಾರಗಳನ್ನು ಕೂಡಿಸಿದ. ನಮ್ಮ ಸಿಟಿ ಬಸ್ಸಿನ ಕಂಡಕ್ಟರುಗಳೂ ಮೆಚ್ಚಬೇಕಾದ ಕೆಲಸ ಅದು. ಇವರು ಯಾರೂ ಪೆಟ್ಟಿಗೆಯನ್ನು ಅಲಂಕಾರದ ಸಾಮಾನು ಎಂದು ಮಾಡಿಕೊಂಡವರಲ್ಲ. ತಮ್ಮ ಕೈಕೆಲಸದ ಮೊದಲ ಜಾಹೀರಾತು ಅದೇ ಎಂದು ತಿಳಿದಿದ್ದರು. ಬಡಿಗನ ಪೆಟ್ಟಿಗೆಯ ಮೂಲೆ ನೋಡಿದ ಗಿರಾಕಿ ಕಪಾಟಿನ ದರದ ಬಗ್ಗೆ ಅರ್ಧ ಚೌಕಾಸಿಯನ್ನು ಅಲ್ಲೇ ಕೈಬಿಡುತ್ತಾನೆ.

ಇನ್ನು ಬಣ್ಣದ ಮಾತು. ನಮ್ಮ ಜನ ಯಾವುದಕ್ಕೆ ಬಣ್ಣ ಹಚ್ಚುತ್ತಾರೆ ಎಂದು ಪಟ್ಟಿ ಮಾಡಿದರೆ ಯಾವುದನ್ನು ಪ್ರೀತಿಸುತ್ತಾರೆ ಎಂಬ ಪಟ್ಟಿ ತಾನಾಗಿ ತಯಾರಾಗುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ. ಜಾತ್ರೆ ಬಂತೆಂದರೆ ಗ್ರಾಮದೇವತೆಯ ಕಟ್ಟಿಗೆಯ ಮೂರ್ತಿಗೆ ಹೊಸ ಬಣ್ಣ. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಗೆ ಗುಲಾಬಿ, ಹುಲಿ, ಮಕ್ಕಳ ಹೆಸರು, ಜೊತೆಗೆ ಹಿಂದೆ ಬರುವವರಿಗೆ ಒಂದೆರಡು ಬುದ್ಧಿಮಾತು. ಎತ್ತು, ದೇವಿ, ಟ್ರ್ಯಾಕ್ಟರು ಇವೆಲ್ಲ ದುಡಿಯುವವು ಅಥವಾ ಕಾಯುವವು. ಹತ್ಯಾರದ ಪೆಟ್ಟಿಗೆ ಎರಡೂ ಕೆಲಸ ಮಾಡುತ್ತದೆ, ಆದರೂ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಹಚ್ಚುವ ವಿದ್ಯೆಗೆ ಬರಗಾಲವೇನೂ ಇಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಬಣ್ಣದ ಡಬ್ಬಿ ತೆರೆಯುವ ಮೊದಲು ಹುಣಸೆಬೀಜದ ಅಂಟು, ಕಟ್ಟಿಗೆಯ ಪುಡಿ ಮುಂತಾದವನ್ನು ಕಲಸಿ ಮೈಯ ಸಂದುಗೊಂದುಗಳನ್ನೆಲ್ಲ ತುಂಬಿ, ಉಜ್ಜಿ, ಬಿಳಿ ಬಳಿದು ಸಿದ್ಧಮಾಡುತ್ತಾರೆ. ಪೆಟ್ಟಿಗೆಗೂ ಅದೇ ಪಾಠ: ಬಣ್ಣದ ಕೆಲಸ ಮುಕ್ಕಾಲು ಪಾಲು ಮುಗಿಯುವುದು ಬಣ್ಣ ಹಚ್ಚುವ ಮೊದಲೇ. ಗಂಟುಗಳ ಮೇಲೆ ಅರಗಿನ ಪಾಲಿಶ್, ಸಂದುಗಳಿಗೆ ಲಾಂಬಿ, ಕಾಗದದಿಂದ ಎಳೆಯ ಉದ್ದಕ್ಕೆ ಉಜ್ಜುವುದು, ಪ್ರೈಮರ್ ಒಂದು ಕೈ, ಆಮೇಲೆ ಎಣ್ಣೆಬಣ್ಣ ತೆಳ್ಳಗೆ ಎರಡು ಕೈ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಬಣ್ಣ ಗಾಢವಿರಲಿ, ಹಸಿರೋ ನೀಲಿಯೋ ಕಾವಿಯೋ ನಿಮ್ಮಿಷ್ಟ. ಎಣ್ಣೆಗೈಯ ಗುರುತುಗಳನ್ನು ತಿಳಿಬಣ್ಣ ಊರಿಗೆಲ್ಲ ಸಾರುತ್ತದೆ.

ಆಕ್ಷೇಪಣೆಗಳು ಸಾಲಾಗಿ ನಿಂತಿವೆ, ಒಂದೊಂದಾಗಿ ಒಳಗೆ ಬಿಡೋಣ. ಮೊದಲನೆಯದು: ಈಗ ಎಲ್ಲ ಕೆಲಸ ಮಷಿನ್ನಿನದು, ಮಷಿನ್ ಜೊತೆ ಪ್ಲಾಸ್ಟಿಕ್ ಪೆಟ್ಟಿಗೆ ಪುಕ್ಕಟೆ ಬರುತ್ತದೆ. ಹುಕ್ಕೇರಿಯವರು ಇದನ್ನು ಹೇಳಿದರೆ ನಾನು ಗೌರವದಿಂದ ಕೇಳುತ್ತೇನೆ. 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ತಮ್ಮ ತಾಲೂಕಿಗೆ ತಾವೇ ಕರೆಂಟು ಹಂಚಿಕೊಂಡವರು ಅವರು. ಆದರೆ ಆ ಪ್ಲಾಸ್ಟಿಕ್ ಪೆಟ್ಟಿಗೆಯ ಕೊಂಡಿ ಎಷ್ಟು ಬೇಗ ಮುರಿಯುತ್ತದೆ ಎಂಬುದನ್ನೂ, ಮುರಿದ ಮೇಲೆ ಅದನ್ನು ಸುತ್ತಿ ಕಟ್ಟಿದ ಸೈಕಲ್ ಟ್ಯೂಬನ್ನೂ ಅವರೇ ನೋಡಿರುತ್ತಾರೆ. ಕಟ್ಟಿಗೆಯ ಪೆಟ್ಟಿಗೆಯ ಕೊಂಡಿ ಹೋದರೆ ಹೊಸದು ಬರುತ್ತದೆ, ಪೆಟ್ಟಿಗೆ ಹೋಗುವುದಿಲ್ಲ. ಎರಡನೆಯದು: ಅಷ್ಟು ಭಾರದ ಪೆಟ್ಟಿಗೆಯನ್ನು ಮೋಟಾರ್ ಸೈಕಲ್ ಮೇಲೆ ಒಯ್ಯುವುದು ಹೇಗೆ? ಒಯ್ಯಬಾರದು. ಮನೆಯಲ್ಲಿ ದೊಡ್ಡದು, ಕೆಲಸಕ್ಕೆ ಆ ದಿನ ಬೇಕಾದಷ್ಟನ್ನು ಹೊರುವ ಹಿಡಿಕೆಯ ಚಿಕ್ಕ ಪೆಟ್ಟಿಗೆ. ಊರಿಗೆ ಹೊರಟವರು ಮನೆಯ ಕಪಾಟನ್ನೇ ಹೊತ್ತು ಬಸ್ಸು ಹತ್ತುವುದಿಲ್ಲ. ಮೂರನೆಯದು: ಬಣ್ಣ ಕೆತ್ತಿ ಹೋಗುತ್ತದೆ. ಹೋಗಲಿ, ಪೆಟ್ಟು ತಿನ್ನಲೆಂದೇ ಅದನ್ನು ಹಚ್ಚಿದ್ದು. ಕೆತ್ತಿದ್ದು ಬಣ್ಣ, ಉಳಿದದ್ದು ಕಟ್ಟಿಗೆ.

ನಾಲ್ಕನೆಯ ಆಕ್ಷೇಪಣೆ ಸ್ವಲ್ಪ ಗಟ್ಟಿ. ಇಷ್ಟು ಚೆಂದದ ಪೆಟ್ಟಿಗೆ ಮಾಡಿದವನು ಅದನ್ನು ನೋಡುತ್ತ ಕೂತು ಕೆಲಸವನ್ನೇ ಮರೆಯುವುದಿಲ್ಲವೇ? ಇದಕ್ಕೆ ಉದಾಹರಣೆಯೂ ಇದೆ. ಇಂಗ್ಲೆಂಡಿನ ಬೆಂಜಮಿನ್ ಸೀಟನ್ 1797ರಲ್ಲಿ ಮಾಡಿದ ಪೆಟ್ಟಿಗೆ ರೋಚೆಸ್ಟರಿನ ಮ್ಯೂಸಿಯಮ್ಮಿನಲ್ಲಿದೆ. ಅದರೊಳಗಿನ ಹತ್ಯಾರಗಳು ಹೆಚ್ಚುಕಡಿಮೆ ಬಳಸದಂತೆಯೇ ಉಳಿದಿವೆ. ಒಪ್ಪುತ್ತೇನೆ, ಆ ಅಪಾಯವಿದೆ. ಆದರೆ ಕೆಲಸಗಳ್ಳತನಕ್ಕೆ ಚೆಂದದ ಪೆಟ್ಟಿಗೆ ಬೇಕೇಬೇಕೆಂದಿಲ್ಲ, ಮೊಬೈಲು ಸಾಕು. ಪೆಟ್ಟಿಗೆಯನ್ನು ನೋಡುತ್ತ ಕೂತವನ ಕಣ್ಣು ಒಂದಿಲ್ಲೊಂದು ಹೊತ್ತಿಗೆ ಉಳಿಯ ಮೇಲೆ ಬೀಳುವ ಸಂಭವವಾದರೂ ಇದೆ.

ಐದನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲಿರುವುದು ಅದೇ. ಪೆಟ್ಟಿಗೆಗೆ ಕೀಲಿ ಬಿದ್ದರೆ ಓಣಿಯವರಿಗೆ ಬೇಜಾರಾಗುತ್ತದೆ. “ಕಾಕಾ, ಒಂದೀಟು ಪಕ್ಕಡ ಕೊಡ್ರಿ, ಈಗ ಹೋಗಿ ಈಗ ತಂದ ಕೊಡ್ತೀನಿ” ಎಂಬ ಮಾತಿನ ಮೇಲೆ ನಮ್ಮ ಓಣಿಗಳ ಸೌಹಾರ್ದ ನಿಂತಿದೆ. ‘ಈಗ’ ಎಂಬುದು ಯುಗಾದಿಯೋ ದೀಪಾವಳಿಯೋ ಎಂಬುದು ಒಯ್ದವರಿಗೂ ಕೊಟ್ಟವರಿಗೂ ತಿಳಿಯದು. ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಹೌದು ಎಂದರೆ ಪಕ್ಕಡ ಬರುವುದಿಲ್ಲ. ಬಣ್ಣ ತನ್ನ ನಿಜವಾದ ಯೋಗ್ಯತೆ ತೋರಿಸುವುದು ಇಲ್ಲಿಯೇ. ಬಣ್ಣ ಬೇಡವೆಂದ ಒಳಮೈಯಲ್ಲಿ ಮುಚ್ಚಳದ ಹಿಂಬದಿಗೊಂದು ರಿಯಾಯಿತಿ ಕೊಡಬೇಕು. ಪ್ರತಿ ಹತ್ಯಾರವನ್ನೂ ಅಲ್ಲಿಟ್ಟು ಸುತ್ತ ಪೆನ್ಸಿಲ್ ಆಡಿಸಿ, ಆ ಆಕಾರದೊಳಗೆ ಕೆಂಪು ತುಂಬಬೇಕು; ಮೇಲೆ ಹತ್ಯಾರ ತೂಗುಹಾಕಲು ಒಂದು ಕೊಕ್ಕೆ. ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದಾಗ ಕೆಂಪು ಕಾಣುವುದಿಲ್ಲ. ಪಕ್ಕಡ ಓಣಿ ಸುತ್ತಲು ಹೋದ ದಿನ ಪಕ್ಕಡದ ಆಕಾರದ ಕೆಂಪು ನೆರಳು ಮುಚ್ಚಳ ತೆರೆದಾಗಲೆಲ್ಲ ಎದುರಿಗೆ ನಿಲ್ಲುತ್ತದೆ. ಮುಂದಿನ ಸಲ ಹತೋಡಿ ಕೇಳಲು ಬಂದವರ ಮುಂದೆ ಏನನ್ನೂ ಹೇಳಬೇಕಾಗಿಲ್ಲ, ಮುಚ್ಚಳ ಎತ್ತಿ ಹಿಡಿದರೆ ಸಾಕು. ಉದ್ರಿ ಖಾತೆಯ ಪುಟ ತೆರೆದಂತಾಗುತ್ತದೆ. ನಿಷ್ಠುರವೂ ಇಲ್ಲ, ನಷ್ಟವೂ ಇಲ್ಲ. ಮಾತಿನಿಂದ ವಸೂಲಾಗದ್ದನ್ನು ವಸೂಲು ಮಾಡುವ ಈ ಬಣ್ಣವನ್ನು ಶೋಕಿ ಎಂದು ಕರೆಯಲು ನನ್ನಿಂದಾಗದು.

ಹಣದ ಮಾತೂ ಬಂತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗರೂ ಇದ್ದಾರೆ, ಗೊಂಬೆ ಮಾಡುವವರೂ ಇದ್ದಾರೆ. ಹತ್ಯಾರಕ್ಕೆಂದು 15,000 ರೂಪಾಯಿವರೆಗೆ ನೆರವಿದೆ. ಹೊಸ ಹತ್ಯಾರ ಕೊಂಡವರು ಹಳೆಯ ಹಲಗೆ ನಾಲ್ಕು, ಬಣ್ಣದ ಡಬ್ಬಿ ಒಂದಕ್ಕೆ ಕೈಯಿಂದ ಸ್ವಲ್ಪ ಹಾಕಿದರೆ ಆ ಹತ್ಯಾರ ಮೊಮ್ಮಕ್ಕಳವರೆಗೂ ಬಾಳುತ್ತದೆ. ವರ್ಷಕ್ಕೊಮ್ಮೆ ಖಂಡೆ ಪೂಜೆಯ ದಿನ ಉಳಿ, ಬಾಚಿಗಳನ್ನು ತೊಳೆದು ವಿಭೂತಿ, ಕುಂಕುಮ ಹಚ್ಚಿ ಕೈಮುಗಿದು, ಮರುದಿನ ಬನ್ನಿ ಕೊಟ್ಟು ಮುಗಿದ ಕೂಡಲೇ ಮತ್ತೆ ಚೀಲಕ್ಕೆ ತುರುಕುವುದು ದೇವರಿಗೂ ಸರಿಬರಲಾರದು. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಯ ಸಮಸ್ತರಲ್ಲಿ ನನ್ನ ಅರಿಕೆ ಇಷ್ಟೇ: ಮುಂದಿನ ಮಹಾನವಮಿಯೊಳಗೆ ಒಂದು ಪೆಟ್ಟಿಗೆ ಮಾಡಿ, ಬಣ್ಣ ಹಚ್ಚಿ. ಹಚ್ಚಿದ ಮೇಲೆ ಮಾತ್ರ ಒಂದು ವಾರ ಮುಚ್ಚಳ ತೆರೆದೇ ಇರಲಿ. ಹಸಿಬಣ್ಣದ ಮೇಲೆ ಮುಚ್ಚಿದರೆ ಅದು ಅಂಟಿಕೊಂಡು ಕೂರುತ್ತದೆ, ಬಿಡಿಸಲು ಬೇಕಾದ ಪಟಾಶಿ ಒಳಗೇ ಇರುತ್ತದೆ.