ಶುಭ ಕೋರುವವರು: ಹಳೇ ಮದ್ರಾಸ್ ರಸ್ತೆಯ ಜಂಟಿ ಕರ್ತೃತ್ವ ಮೀಮಾಂಸೆ

ವಿದ್ವತ್ತನ್ನು ತೂಗುವ ತಕ್ಕಡಿಗಳಿಗೆ ಈಗ ಬರವಿಲ್ಲ. 1926ರಲ್ಲಿ ಆಲ್ಫ್ರೆಡ್ ಲೋಟ್ಕಾ ರಸಾಯನ ಮತ್ತು ಭೌತಶಾಸ್ತ್ರದ ಲೇಖಕರ ತಲೆ ಎಣಿಸಿದ. ಒಂದೇ ಲೇಖನ ಬರೆದು ಸುಮ್ಮನಾದವರು ನೂರು ಜನರಿದ್ದರೆ ಎರಡು ಬರೆದವರು ಇಪ್ಪತ್ತೈದು, ಮೂರು ಬರೆದವರು ಹನ್ನೊಂದು ಮಂದಿ ಸಿಗುತ್ತಾರೆಂದು ಸೂತ್ರ ಕಟ್ಟಿದ. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಒಬ್ಬ ಮನುಷ್ಯನ ಇಡೀ ಬೌದ್ಧಿಕ ಜೀವನವನ್ನು ಒಂದೇ ಅಂಕಿಗೆ ಇಳಿಸುವ ಎಚ್-ಸೂಚ್ಯಂಕವನ್ನು ಲೋಕಕ್ಕೆ ಕೊಟ್ಟ. ಇವೆರಡರ ನಡುವೆ, 1948ರಲ್ಲಿ, ನಮ್ಮ ಎಸ್.ಆರ್. ರಂಗನಾಥನ್ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದ ಸಮ್ಮೇಳನದಲ್ಲಿ ‘ಲೈಬ್ರಮೆಟ್ರಿ’ ಎಂಬ ಹೊಸ ಪದವನ್ನು ಸಭೆಯ ಮುಂದಿಟ್ಟರು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ತೆರೆದರು. ಹೀಗಾಗಿ ಲೇಖಕರನ್ನು ಎಣಿಸುವ ಶಾಸ್ತ್ರಕ್ಕೆ ಈ ಊರು ತವರುಮನೆ ಅಲ್ಲದಿದ್ದರೂ ಸೋದರಮಾವನ ಮನೆಯಂತೂ ಹೌದು. ಆದರೆ ಆ ಕೇಂದ್ರ ಇರುವುದು ಊರಿನ ಪಡುವಣಕ್ಕೆ, ಮೈಸೂರು ರಸ್ತೆಯಲ್ಲಿ. ಶಾಸ್ತ್ರವು ಮೈಸೂರಿನ ಕಡೆ ಮುಖ ಮಾಡಿ ಕೂತದ್ದರಿಂದ ಅದರ ಬೆನ್ನಿಗಿರುವ ಮೂಡಣದ ಸೀಮೆ, ಅಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದ ತೂಗುಸೇತುವೆಯವರೆಗಿನ ಹಾದಿ, ಅದರ ಕಣ್ಣಿಗೆ ಬೀಳಲೇ ಇಲ್ಲ. ಜಂಟಿ ಕರ್ತೃತ್ವದ ಪರಿಪಕ್ವ ರೂಪವೊಂದು ಆ ಹಾದಿಯ ಕಂಬಕಂಬದಲ್ಲೂ ತೂಗಾಡುತ್ತಿದೆ. ಜನ ಅದನ್ನು ಫ್ಲೆಕ್ಸ್ ಎನ್ನುತ್ತಾರೆ. ಸಂಶೋಧನ ಲೇಖನವೆಂಬುದು ಇನ್ನೂ ಪೂರ್ತಿ ಬಲಿಯದ ಫ್ಲೆಕ್ಸ್ ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ.

ಮೊದಲು ಸಾಮಗ್ರಿಯ ಅಂಗರಚನೆಯನ್ನು ಹತ್ತಿರದಿಂದ ನೋಡತಕ್ಕದ್ದು. ಹುಟ್ಟುಹಬ್ಬದ ಫ್ಲೆಕ್ಸೊಂದನ್ನು ತೆಗೆದುಕೊಳ್ಳೋಣ. ನೆತ್ತಿಯ ಮೇಲೆ ಬಿಲ್ಲೆಯಷ್ಟು ದುಂಡಗಿನ ಚೌಕಟ್ಟುಗಳಲ್ಲಿ ಮನೆದೇವರು, ಅಂಬೇಡ್ಕರ್, ರಾಜ್‌ಕುಮಾರ್, ಪುನೀತ್. ಇದು ಪೂರ್ವಸೂರಿಗಳ ಸ್ಮರಣೆ, ಲೇಖನದಲ್ಲಿ ಇದಕ್ಕೆ ಸಾಹಿತ್ಯ ಸಮೀಕ್ಷೆ ಎನ್ನುತ್ತಾರೆ. ಎಡಕ್ಕೆ ಆಳೆತ್ತರದ ನಾಯಕರು, ಕೈಮುಗಿದ ಭಂಗಿಯಲ್ಲಿ, ಇವರು ಮಾರ್ಗದರ್ಶಕರು. ನಡುವೆ ಕಪ್ಪು ಕನ್ನಡಕ, ಬಿಳಿ ಅಂಗಿ, ಹಿಂದೊಂದು ಸಿಂಹ. ಈತ ಪ್ರಥಮ ಲೇಖಕ. ಕೆಳಗೆ ‘ಶುಭ ಕೋರುವವರು’ ಎಂಬ ಪಟ್ಟಿಯಡಿ ಪಾಸ್‌ಪೋರ್ಟ್ ಅಳತೆಯ ಮುಖಗಳ ಎರಡು ಸಾಲು, ಇವರು ಸಹಲೇಖಕರು. ಅವರಲ್ಲೊಬ್ಬ ಕಡ್ಡಾಯವಾಗಿ ಮೊಬೈಲನ್ನು ಕಿವಿಗಿಟ್ಟುಕೊಂಡಿರುತ್ತಾನೆ. ಪತ್ರವ್ಯವಹಾರದ ಲೇಖಕ ಯಾರೆಂದು ತಿಳಿಯಲು ವಿದ್ವತ್ ಪತ್ರಿಕೆಗಳು ಹೆಸರಿನ ಮೇಲೆ ಚುಕ್ಕಿ ಇಟ್ಟು, ಅಡಿಯಲ್ಲಿ ವಿಳಾಸ ಕೊಟ್ಟು ಒದ್ದಾಡುತ್ತವೆ. ಇಲ್ಲಿ ಒಂದು ಫೋನಿನಿಂದ ಕೆಲಸ ಮುಗಿದಿದೆ. ಕೊನೆಗೆ ‘ಹಾಗೂ ಗೆಳೆಯರ ಬಳಗ’. ವಿದ್ವಾಂಸರು ‘ಮತ್ತಿತರರು’ ಎಂದು ಬರೆದು ಉಳಿದವರನ್ನು ಅವಮಾನಿಸುವ ಜಾಗದಲ್ಲಿ ಈ ಸೀಮೆಯವರು ಗೆಳೆತನ ತೋರಿದ್ದಾರೆ. ತೀರಾ ಕೆಳಗೆ, ಬಲಮೂಲೆಯಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಒಂದು ಫೋನ್ ನಂಬರು. ಇಡೀ ಕೃತಿಯನ್ನು ರಾತ್ರಿ ಕೂತು ರಚಿಸಿದ, ಕಾಗುಣಿತ ಕೆಡಿಸಿದ, ಸಿಂಹವನ್ನು ಆರಿಸಿದ ಮನುಷ್ಯ ಅಲ್ಲಿದ್ದಾನೆ. ಈ ಮೂಲೆಗೆ ಮತ್ತೆ ಬರಬೇಕಾಗುತ್ತದೆ.

ಈಗ ಸೂತ್ರಗಳನ್ನು ಹಚ್ಚಿ ನೋಡಿದರೆ ಅವು ಲೇಖನಗಳಿಗಿಂತ ಫ್ಲೆಕ್ಸುಗಳಿಗೇ ಹೇಳಿ ಹೊಲಿಸಿದಂತಿವೆ. ಬಹುಪಾಲು ಲೇಖಕರು ಬಾಳಿನಲ್ಲಿ ಒಮ್ಮೆ ಮಾತ್ರ ಪ್ರಕಟವಾಗುತ್ತಾರೆ ಎಂಬುದು ಲೋಟ್ಕಾನ ಸೂತ್ರದ ತಿರುಳು. ಹಲಸೂರಿನ ಓಣಿಗಳಲ್ಲಿ ಆ ಒಂದು ಪ್ರಕಟಣೆಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಹೆಸರು. ಏಕಲೇಖಕ ಕೃತಿ ಎಂಬುದು ಬಹುತೇಕ ಅದೊಂದೇ, ಅದೂ ಮರಣೋತ್ತರ. ಬದುಕಿರುವವರ ವಿಷಯದಲ್ಲಿ 1983ರಲ್ಲಿ ಕೆ. ಸುಬ್ರಮಣ್ಯಂ ಸೂಚಿಸಿದ ಸಹಕಾರದ ಪ್ರಮಾಣ, ಎಂದರೆ ಜಂಟಿ ಕೃತಿಗಳನ್ನು ಒಟ್ಟು ಕೃತಿಗಳಿಂದ ಭಾಗಿಸಿದಾಗ ಬರುವ ಸಂಖ್ಯೆ, ಒಂದಕ್ಕೆ ಮುಟ್ಟಿ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಸಹಕರಿಸಲು ಗಣಿತದಲ್ಲಿ ಅವಕಾಶವಿಲ್ಲ. 1934ರ ಬ್ರಾಡ್‌ಫರ್ಡ್ ನಿಯಮದ ಪ್ರಕಾರ ಒಂದು ವಿಷಯದ ಲೇಖನಗಳು ಕೆಲವೇ ಪತ್ರಿಕೆಗಳ ತಿರುಳಿನಲ್ಲಿ ದಟ್ಟವಾಗಿದ್ದು ಹೊರವಲಯಕ್ಕೆ ಹೋದಂತೆ ಚದುರುತ್ತವೆ. ಇಲ್ಲೂ ನಾಯಕರ ಮನೆಯ ತಿರುವು ತಿರುಳು, ವಾರ್ಡಿನ ಸರ್ಕಲ್ಲು ಎರಡನೇ ವಲಯ, ಟಿನ್ ಫ್ಯಾಕ್ಟರಿ ಸ್ಟಾಪು ಹೊರವಲಯ. ಹಾಗೆಂದು ಹೊರವಲಯವನ್ನು ಹಗುರವಾಗಿ ಕಾಣಬಾರದು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ನಿಂತರೆ ನಿಂತದ್ದೇ. ಓದುಗನಿಗೆ ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದ ಇನ್ನೊಂದು ವಾಚನಾಲಯ ಈ ನಗರದಲ್ಲಿಲ್ಲ.

ಉಲ್ಲೇಖದ ವಿಚಾರ ಇನ್ನೂ ಸರಳ. ಒಬ್ಬನ ಮುಖ ಇನ್ನೊಬ್ಬನ ಫ್ಲೆಕ್ಸಿನಲ್ಲಿ ಕಂಡರೆ ಅದು ಒಂದು ಉಲ್ಲೇಖ. ಎಲ್ಲರ ಫ್ಲೆಕ್ಸಿನಲ್ಲೂ ಕಾಣುವ ನಾಯಕನೇ ಅತಿ ಹೆಚ್ಚು ಉಲ್ಲೇಖಿತ. ಆತನನ್ನು ಉಲ್ಲೇಖಿಸಿದವರು ಆತನನ್ನು ಓದಿರಬೇಕೆಂದೇನೂ ಇಲ್ಲ, ಈ ಮಾತು ಲೇಖನಗಳಿಗೂ ಸಲ್ಲುತ್ತದೆ. ಸ್ವೋಲ್ಲೇಖವೂ ಉಂಟು: ಹುಟ್ಟುಹಬ್ಬದ ಹುಡುಗನ ಮುಖ ಕೆಳಗಿನ ಶುಭ ಕೋರುವವರ ಸಾಲಿನಲ್ಲೂ ನುಸುಳಿ, ಆತ ತನಗೆ ತಾನೇ ಶುಭ ಕೋರುತ್ತಿರುತ್ತಾನೆ. ಸೆಪ್ಟೆಂಬರ್ 8ರ ಸುಮಾರಿಗೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೂ, ಬೇಸಗೆಯಲ್ಲಿ ಹಲಸೂರು ಸೋಮೇಶ್ವರನ ಪಲ್ಲಕ್ಕಿಗೂ, ನವೆಂಬರಿನ ರಾಜ್ಯೋತ್ಸವಕ್ಕೂ ಅವೇ ಮುಖಗಳು ಬೇರೆ ಬೇರೆ ಜೋಡಣೆಯಲ್ಲಿ ಬರುತ್ತವೆ. ಕನ್ನಡ, ತಮಿಳು, ಉರ್ದು, ಇಂಗ್ಲಿಷು ಒಂದೇ ಬಟ್ಟೆಯ ಮೇಲೆ ಹೆಗಲು ತಿಕ್ಕುತ್ತವೆ. ಅಂತರಶಿಸ್ತೀಯ ಅಧ್ಯಯನ ಬೇಕೆಂದು ವಿಶ್ವವಿದ್ಯಾಲಯಗಳು ಸುತ್ತೋಲೆ ಕಳಿಸುತ್ತಿರುವಾಗ ದಂಡು ಪ್ರದೇಶ ಅದನ್ನು ಸದ್ದಿಲ್ಲದೆ ಮಾಡಿ ಮುಗಿಸಿದೆ.

ಶ್ರೇಯಸ್ಸನ್ನು ಹಂಚುವ ಪ್ರಶ್ನೆಯಲ್ಲಿ ಫ್ಲೆಕ್ಸಿನ ಮೇಲುಗೈ ಇನ್ನೂ ಸ್ಪಷ್ಟ. ಯುಜಿಸಿಯ 2018ರ ನಿಯಮಾವಳಿ ಅಧ್ಯಾಪಕರ ಲೇಖನಗಳಿಗೆ ಅಂಕ ಕೊಡುವಾಗ ಹೀಗೆನ್ನುತ್ತದೆ: ಇಬ್ಬರು ಬರೆದರೆ ಪ್ರತಿಯೊಬ್ಬರಿಗೂ ಶೇ. 70, ಇಬ್ಬರಿಗಿಂತ ಹೆಚ್ಚಿದ್ದರೆ ಪ್ರಧಾನ ಲೇಖಕರಿಗೆ ಶೇ. 70, ಉಳಿದ ಒಬ್ಬೊಬ್ಬರಿಗೂ ಶೇ. 30. ಅಂದರೆ ಒಂದು ಲೇಖನವನ್ನು ಇಬ್ಬರು ಹಂಚಿಕೊಂಡರೆ ಅದು 1.4 ಲೇಖನವಾಗುತ್ತದೆ, ಐವರು ಹಂಚಿಕೊಂಡರೆ 1.9. ಹಂಚಿದಷ್ಟೂ ಹೆಚ್ಚುವ ಇಂಥ ವಸ್ತು ಇದುವರೆಗೆ ಪುರಾಣಗಳಲ್ಲಿ ಮಾತ್ರ ಇತ್ತು, ಅಕ್ಷಯಪಾತ್ರೆ ಎಂಬ ಹೆಸರಿನಲ್ಲಿ. 2015ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಹಿಗ್ಸ್ ಕಣದ ತೂಕದ ಬಗ್ಗೆ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. 33 ಪುಟಗಳ ಆ ಲೇಖನದಲ್ಲಿ ವಿಷಯಕ್ಕೆ ಸಿಕ್ಕದ್ದು 9 ಪುಟ. ಉಳಿದ 24 ಪುಟ ಹನುಮಂತನ ಬಾಲದಂತೆ ಬೆಳೆದ ಹೆಸರು ಮತ್ತು ಸಂಸ್ಥೆಗಳದು. ಅವರೆಲ್ಲ ಯುಜಿಸಿಯ ಕೌಂಟರಿಗೆ ಬಂದು ನಿಂತರೆ ಒಂದು ಲೇಖನಕ್ಕೆ 1,546 ಲೇಖನಗಳ ಅಂಕ ಕೊಟ್ಟು, ಮೇಲೆ ಚಿಲ್ಲರೆಯನ್ನೂ ಎಣಿಸಬೇಕು. ಫ್ಲೆಕ್ಸಿನಲ್ಲಿ ಇಂಥ ಸೃಷ್ಟಿವಿಲಾಸ ಸಾಧ್ಯವಿಲ್ಲ. ಹತ್ತಕ್ಕೆ ಎಂಟು ಅಡಿಯೆಂದರೆ ಎಂಬತ್ತು ಚದರ ಅಡಿ. ನಾಯಕರಿಗೆ ಮೂವತ್ತು ಹೋದರೆ ಮಿಕ್ಕವರಿಗೆ ಐವತ್ತು. ಒಬ್ಬನ ಮುಖ ದೊಡ್ಡದಾಗಬೇಕಾದರೆ ಇನ್ನೊಬ್ಬನದು ಚಿಕ್ಕದಾಗಲೇಬೇಕು. ಲೇಖಕರ ಕೊಡುಗೆಯನ್ನು ಹದಿನಾಲ್ಕು ಪಾತ್ರಗಳಾಗಿ ವಿಂಗಡಿಸುವ ಪದ್ಧತಿಯೊಂದು ವಿದೇಶಗಳಲ್ಲಿ ರೂಢಿಗೆ ಬಂದಿದೆ. ಚದರಡಿಯ ಪದ್ಧತಿ ಅದಕ್ಕಿಂತ ಸುಲಭ, ಟೇಪು ಹಿಡಿದರೆ ಸಾಕು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಫ್ಲೆಕ್ಸಿನಲ್ಲಿರುವವರು ಏನೂ ಬರೆದಿಲ್ಲವಲ್ಲ, ಅವರು ಲೇಖಕರು ಹೇಗಾದಾರು? ಈ ಆಕ್ಷೇಪಕ್ಕೆ ನಮ್ಮ ಪರಂಪರೆಯ ಅರಿವು ಸಾಲದು. ಸುಮಾರು 850ರ ‘ಕವಿರಾಜಮಾರ್ಗ’ವನ್ನು ಬರೆದವನು ಶ್ರೀವಿಜಯನೋ ನೃಪತುಂಗನೋ ಎಂದು ವಿದ್ವಾಂಸರು ಜಗ್ಗಾಡಿದ್ದು ಅಷ್ಟಿಷ್ಟಲ್ಲ. ಶ್ರೀವಿಜಯ ಬರೆದ, ಚಕ್ರವರ್ತಿ ಅನುಮತಿಸಿದ ಎಂಬಲ್ಲಿಗೆ ಈಗ ಬಹುಮತ ಬಂದು ನಿಂತಿದೆ. ಅಂದರೆ ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಗ್ರಂಥದಲ್ಲೇ ಉತ್ಸವಮೂರ್ತಿ ಬೇರೆ, ಮೂಲವಿಗ್ರಹ ಬೇರೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟದ್ದು ಇದೇ ಬೆಂಗಳೂರಿನಲ್ಲಿ. ‘ನೇಚರ್’ ಪತ್ರಿಕೆಯ ಟಿಪ್ಪಣಿಯಲ್ಲಿ ಅವರ ಜೊತೆ ಕೆ.ಎಸ್. ಕೃಷ್ಣನ್ ಹೆಸರಿತ್ತು, 1930ರ ನೊಬೆಲ್‌ನಲ್ಲಿ ಇರಲಿಲ್ಲ. ಇಂದಿರಾನಗರದಿಂದ ಕೆ.ಆರ್. ಪುರದ ಕಡೆ ಹೊರಟರೆ ಪಕ್ಕದಲ್ಲಿ ಸಿ.ವಿ. ರಾಮನ್ ನಗರ ಸಿಗುತ್ತದೆ, ಆ ಹಾದಿಯಲ್ಲಿ ಕೃಷ್ಣನ್ ನಗರ ಸಿಗುವುದಿಲ್ಲ. ಫ್ಲೆಕ್ಸಾಗಿದ್ದರೆ ಕೃಷ್ಣನ್ನರಿಗೆ ಕೆಳಸಾಲಿನಲ್ಲಾದರೂ ಒಂದು ಪಾಸ್‌ಪೋರ್ಟ್ ಫೋಟೋ ಖಾತ್ರಿಯಿತ್ತು. ಇನ್ನು ಬರೆಯದವರನ್ನು ಸೇರಿಸಿದ್ದಕ್ಕೆ ವಿಜ್ಞಾನವೇ ಮೇಲ್ಪಂಕ್ತಿ ಹಾಕಿದೆ. 1975ರಲ್ಲಿ ಅಮೆರಿಕದ ಜ್ಯಾಕ್ ಹೆದರಿಂಗ್ಟನ್ ತನ್ನ ಲೇಖನದಲ್ಲೆಲ್ಲ ‘ನಾವು’ ಎಂದು ಬರೆದುಬಿಟ್ಟು, ಅದನ್ನು ಮತ್ತೆ ಟೈಪು ಮಾಡುವ ಸಂಕಟ ತಪ್ಪಿಸಲು ಮನೆಯ ಬೆಕ್ಕನ್ನು ಎಫ್.ಡಿ.ಸಿ. ವಿಲರ್ಡ್ ಎಂಬ ಹೆಸರಿನಲ್ಲಿ ಸಹಲೇಖಕನಾಗಿಸಿದ. ಬೆಕ್ಕಿಗೆ ಸಂದ ಗೌರವ ಸಿಂಹಕ್ಕೆ ಸಲ್ಲಬಾರದೆ?

ಎರಡನೆಯ ಆಕ್ಷೇಪ, ಫ್ಲೆಕ್ಸಿಗೆ ಸಮಾನಸ್ಕಂಧರ ಪರಿಶೀಲನೆ ಇಲ್ಲ ಎಂಬುದು. ಇದು ರಸ್ತೆಯಲ್ಲಿ ಓಡಾಡದವರ ಮಾತು. ಫೋಟೋ ಬಿಟ್ಟುಹೋದ ಸಹಲೇಖಕನ ಪರಿಶೀಲನೆ ಬೆಳಗಾಗುವುದರೊಳಗೆ ಮುಗಿದಿರುತ್ತದೆ. ಆತ ಉಪಯೋಗಿಸುವ ಉಪಕರಣ ಬ್ಲೇಡು. ಲೇಖನಗಳ ಪರಿಶೀಲಕರು ಆರು ತಿಂಗಳು ತೆಗೆದುಕೊಂಡೂ ಇಷ್ಟು ಖಚಿತವಾಗಿ ಅಭಿಪ್ರಾಯ ಕೊಡುವುದಿಲ್ಲ. ಪ್ರಕಟಣಪೂರ್ವ ಕೃತಿಗಳಿಗೂ ಇಲ್ಲಿ ವ್ಯವಸ್ಥೆಯಿದೆ. ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಹಾದಿಯ ತುಂಬ ‘ಮಾಜಿ’ಗಳೂ ‘ಪ್ರಬಲ ಆಕಾಂಕ್ಷಿ’ಗಳೂ ತುಂಬಿಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಜನ ನಗಬಹುದು. ಅಧ್ಯಾಪಕರ ಸ್ವವಿವರದಲ್ಲಿ ಇದೇ ಕುಲಾವಿಗೆ ‘ಅಚ್ಚಿನಲ್ಲಿದೆ’ ಎನ್ನುತ್ತಾರೆ. ಮಹಿಳಾ ಮೀಸಲು ವಾರ್ಡಿನ ಫ್ಲೆಕ್ಸಿನಲ್ಲಿ ಸದಸ್ಯೆಯ ಮುಖಕ್ಕಿಂತ ಆಕೆಯ ಗಂಡನ ಮುಖ ದೊಡ್ಡದಿರುವುದುಂಟು. ಇದನ್ನು ಸಮರ್ಥಿಸುವುದು ಈ ಪ್ರಬಂಧಕ್ಕೂ ಕಷ್ಟ. ಅತಿಥಿ ಲೇಖಕ ಎಂದು ಕರೆದು ಮುಂದೆ ಹೋಗೋಣವೆಂದರೆ ಚದರಡಿಯ ಲೆಕ್ಕ ಅಡ್ಡ ಬರುತ್ತದೆ, ಏಕೆಂದರೆ ಅತಿಥಿಗೆ ಮನೆಯವಳಿಗಿಂತ ದೊಡ್ಡ ಎಲೆ ಹಾಕಿದೆ. ಟೇಪು ಸುಳ್ಳು ಹೇಳುವುದಿಲ್ಲ ಎಂಬುದಷ್ಟೇ ಸಮಾಧಾನ. ಲೇಖನಗಳಲ್ಲಿ ಈ ಅನ್ಯಾಯ ನಡೆದಾಗ ಅಳೆಯಲು ಟೇಪೂ ಸಿಗುವುದಿಲ್ಲ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಅದು ಬಲಮೂಲೆಯ ಸಾಸಿವೆ ಅಕ್ಷರದ ಮನುಷ್ಯನದು. ಹೆಸರುಗಳನ್ನೆಲ್ಲ ಎಣಿಸಿ ಕೂಡಿದ ಮೇಲೂ ಕೆಲಸ ಮಾಡಿದವನು ಲೆಕ್ಕದ ಹೊರಗೇ ಉಳಿದನಲ್ಲ? ಅವನ ಹಿಂದೆ ಇನ್ನೂ ಇಬ್ಬರಿದ್ದಾರೆ: ಸರ್ವೆ ಗಳಕ್ಕೆ ಬೈಂಡಿಂಗ್ ವೈರು ಬಿಗಿದವನು, ಏಣಿ ಹಿಡಿದುಕೊಂಡವನು. ಇವರಿಗೆ ಫೋನ್ ನಂಬರೂ ಇಲ್ಲ. ಹೊಯ್ಸಳರ ಕಾಲದಲ್ಲಿ ಈ ಲೆಕ್ಕ ಸ್ವಲ್ಪ ವಾಸಿಯಿತ್ತು. ಸೋಮನಾಥಪುರದ ಗೋಡೆಗಳಲ್ಲಿ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಪೀಠದಲ್ಲಿ ಹೆಸರು ಕೊರೆದಿಟ್ಟ. ಜಾಗ ಸಾಲದ ಕಡೆ ‘ಮಲ್ಲಿ’ ಎಂದೋ ಬರೀ ‘ಮ’ ಎಂದೋ ಬಿಟ್ಟ. ಆ ‘ಮ’ ಒಂದಕ್ಷರದ ಹಿಂದೆ ಒಂದು ಇಡೀ ವಿಗ್ರಹವಿದೆ. ಯಾವ ಸೂಚ್ಯಂಕಕ್ಕೂ ಅದು ದಕ್ಕಿಲ್ಲ. ಸಂಶೋಧನ ಲೇಖನದಲ್ಲಿ ಆ ಸ್ಥಾನ ಪ್ರಯೋಗಾಲಯದ ಸಹಾಯಕನದು, ದತ್ತಾಂಶ ತುಂಬಿದ ವಿದ್ಯಾರ್ಥಿಯದು; ಅವರಿಗೆ ‘ಕೃತಜ್ಞತೆಗಳು’ ಎಂಬ ಜಗಲಿ ಕೊಟ್ಟಿದ್ದಾರೆ. ಈ ಆಕ್ಷೇಪಕ್ಕೆ ಪ್ರಬಂಧದ ಬಳಿ ಉತ್ತರವಿಲ್ಲ. ಆದರೆ ಎದುರು ಪಕ್ಷದ ಬಳಿಯೂ ಇಲ್ಲದ್ದರಿಂದ ಪಂದ್ಯ ಸಮವೆಂದು ಘೋಷಿಸಿ ಮುಂದುವರಿಯಬಹುದು.

ಕೊನೆಗೆ ಹಿಂತೆಗೆತದ ಪ್ರಶ್ನೆ. ದೋಷ ಕಂಡ ಲೇಖನಗಳನ್ನು ಪತ್ರಿಕೆಗಳು ಒಂದೊಂದಾಗಿ, ಮುಜುಗರಪಡುತ್ತ ಹಿಂದಕ್ಕೆ ಪಡೆಯುತ್ತವೆ. ಬೆಂಗಳೂರಿನಲ್ಲಿ 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಮಾತಿಗೆ ಬೆಚ್ಚಿದ ಪಾಲಿಕೆ ಸಾವಿರಗಟ್ಟಲೆ ಕೃತಿಗಳನ್ನು ಕೆಲವೇ ದಿನಗಳಲ್ಲಿ ಲಾರಿಗೆ ತುಂಬಿತು. ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ 1981ರಿಂದಲೇ ಇತ್ತೆಂಬುದು ಆಗ ಎಲ್ಲರಿಗೂ ನೆನಪಾಯಿತು. ಹಿಂತೆಗೆದ ಲೇಖನಗಳನ್ನು ಜನ ಆಮೇಲೂ ಉಲ್ಲೇಖಿಸುತ್ತಲೇ ಇರುವಂತೆ ಫ್ಲೆಕ್ಸುಗಳೂ ಮರಳಿ ಕಂಬ ಹತ್ತಿದವು. ಹತ್ತದೆ ಉಳಿದವುಗಳಿಗೆ ಬೇರೆಯೇ ಒಂದು ಪ್ರಭಾವ ದಕ್ಕಿತು, ಅದನ್ನು ಅಳೆಯುವ ಸೂತ್ರ ಇನ್ನೂ ಹುಟ್ಟಬೇಕಾಗಿದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹೊರಗೆ ಮಳೆ ಹನಿಯತೊಡಗಿದರೆ ತಳ್ಳುಗಾಡಿಯ ಕೆಳಗಿನಿಂದ ಮಡಿಸಿಟ್ಟ ಒಂದು ಫ್ಲೆಕ್ಸು ಹೊರಬರುತ್ತದೆ. ಅಕ್ಷರದ ಕಡೆ ಒಳಕ್ಕೆ, ಬಿಳಿ ಕಡೆ ಆಕಾಶಕ್ಕೆ. ಅದರಡಿ ಕೊತ್ತಂಬರಿ ಕಟ್ಟುಗಳ ಮೇಲೆ ನಾಯಕರು ಬೋರಲಾಗಿ ಕೈಮುಗಿದಿದ್ದಾರೆ, ಸಿಂಹದ ಮೂತಿ ಟೊಮೆಟೊಗೆ ತಾಗಿದೆ, ಶುಭ ಕೋರುವವರ ಎರಡನೇ ಸಾಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಕಿವಿಗೆ ಮೊಬೈಲು ಹಿಡಿದವನು ಮಾತ್ರ ಇನ್ನೂ ಫೋನು ಇಟ್ಟಿಲ್ಲ.