ಒಂದು ಡಿವಿಡಿ, ಎಂಟು ಅವತಾರ

ಡಿವಿಡಿಯೊಂದರಲ್ಲಿ ಒಂದೇ ಆಪರೇಟಿಂಗ್ ಸಿಸ್ಟಂ ಇದ್ದರೆ ಪರೀಕ್ಷಕನಿಗೆ ರಾತ್ರಿ ನಿದ್ದೆ ಬರುತ್ತದೆ. ಹಾಗೆ ಬರಬಾರದೆಂದೋ ಏನೋ, ಫೆಡೋರಾ ಲಿನಕ್ಸ್‌ನವರು ಒಂದು ಕಾಲದಲ್ಲಿ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇ ಎಂಬ ನಾಲ್ಕು ಡೆಸ್ಕ್‌ಟಾಪ್‌ಗಳ ಆವೃತ್ತಿಗಳನ್ನೂ 32 ಬಿಟ್, 64 ಬಿಟ್ ಎರಡೂ ರೂಪದಲ್ಲಿ ಒಂದೇ ಡಿಸ್ಕಿಗೆ ತುಂಬಿದರು. ತಲಾ 700 ಎಂಬಿ ಎಂದರೂ 5.6 ಜಿಬಿ ಆಯಿತು. ಮಾಮೂಲಿ ಡಿವಿಡಿ ಹಿಡಿಸುವುದು 4.7 ಜಿಬಿ. ಸರಿ, 8.5 ಜಿಬಿಯ ಎರಡು ಪದರದ್ದೇ ಬೇಕು.

ಈಗ ಟೆಸ್ಟ್ ಕೇಸ್ ಬರೆಯಿರಿ. ಮೆನುವಿನಲ್ಲಿ ಎಂಟು ಸಾಲು. ಪ್ರತಿಯೊಂದೂ ಬೂಟ್ ಆಗಬೇಕು, ಇನ್‌ಸ್ಟಾಲ್ ಕೂಡ ಆಗಬೇಕು: ಹದಿನಾರು. ನಿಜವಾದ ಯಂತ್ರ, ವರ್ಚುವಲ್ ಯಂತ್ರ ಎರಡರಲ್ಲೂ ನೋಡಬೇಕು: ಮೂವತ್ತೆರಡು. ಯುಇಎಫ್‌ಐ ಎಂದು ಯಾರಾದರೂ ಬಾಯಿ ಬಿಟ್ಟರೆ ಮಗ್ಗಿ ಮತ್ತೆ ಶುರು.

ನನಗೆ ಪ್ರಿಯವಾದದ್ದು ಹಳೆಯ 32 ಬಿಟ್ ಯಂತ್ರದಲ್ಲಿ 64 ಬಿಟ್ ಸಾಲನ್ನು ಆರಿಸುವ ಪರೀಕ್ಷೆ. ಅಲ್ಲಿ ಕರ್ನಲ್ 'ಈ ಪ್ರೊಸೆಸರ್ ನನಗಾಗದು' ಎಂಬರ್ಥದ ಮಾತು ಹೇಳಿ ನಿಂತುಬಿಡಬೇಕು. ಬೂಟ್ ಆಗದಿದ್ದರೆ ಪಾಸು! ಶಾಲೆಯಲ್ಲಿ ಈ ಪದ್ಧತಿ ಇದ್ದಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ರ‍್ಯಾಂಕ್ ಬರುತ್ತಿದ್ದೆವು.

ಬಳಕೆದಾರನನ್ನೂ ಪಟ್ಟಿಗೆ ಸೇರಿಸಿ. ಅವನು ಮೆನು ಬಂದಾಗ ಕಾಫಿಗೆ ಹೋಗಿರುತ್ತಾನೆ. ಇನ್‌ಸ್ಟಾಲ್ ಮುಗಿದ ಮೇಲೆ ಡಿಸ್ಕ್ ತೆಗೆಯದೆ ರೀಬೂಟ್ ಮಾಡಿ, ಅದೇ ಮೆನು ಕಂಡು ಗಾಬರಿಯಾಗುತ್ತಾನೆ.

ಇಷ್ಟಕ್ಕೆಲ್ಲ ಮೊದಲು ಚೆಕ್‌ಸಮ್ ನೋಡಿಬಿಡಿ ಮಾರಾಯರೇ. ಡಿಸ್ಕೇ ಕೆಟ್ಟಿದ್ದರೆ ಮೂವತ್ತೆರಡು ಪರೀಕ್ಷೆಯೂ ದಂಡ.