ಹುಲಿಗೂ ವಾರದ ರಜೆ

(ತ್ಯಾವರೆಕೊಪ್ಪದ ಸಫಾರಿ ಬಸ್ಸು. ಭದ್ರಾವತಿಯ ಐರನ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದ ಮಾವ. ಯಾವುದೋ ಫೌಂಡ್ರಿಯ ನೈಟ್ ಶಿಫ್ಟ್ ಮುಗಿಸಿ ಬಂದ ಅಳಿಯ.)

ಮಾವ: ಕಣ್ಣು ಬಿಡೋ ಮಾರಾಯ, ಹುಲಿ ಎದುರಿಗೇ ಮಲಗಿದೆ!

ಅಳಿಯ: ಮಲಗಲಿ ಬಿಡಿ. ಅದಕ್ಕೆ ಮಂಗಳವಾರ ರಜೆ. ನಂಗೆ, 'ರಿಲೀವರ್ ಬಂದಿಲ್ಲ, ಇನ್ನೊಂದು ಶಿಫ್ಟ್ ಎಳೆದುಬಿಡು' ಅಂದ್ರು.

ಮಾವ: 1948ರ ಫ್ಯಾಕ್ಟರಿ ಕಾಯ್ದೇಲಿ ದಿನಕ್ಕೆ ಒಂಬತ್ತೇ ಗಂಟೆ ಅಂತಿತ್ತಲ್ಲೋ?

ಅಳಿಯ: 2023ರಲ್ಲಿ ನಮ್ಮ ರಾಜ್ಯದೋರು ಹನ್ನೆರಡರ ತನಕ ಹಿಗ್ಗಿಸಿದ್ರಲ್ಲ. ವಾರಕ್ಕೆ 48 ದಾಟಬಾರದು, ಕಾರ್ಮಿಕ ಬರೆದು ಒಪ್ಪಬೇಕು ಅಂತಲೂ ಇತ್ತು.

ಮಾವ: ನೀನು ಒಪ್ಪಿದ್ಯಾ?

ಅಳಿಯ: ಸೇರಿದ ದಿನವೇ ಸಹಿ ಹಾಕಿದೀನಿ. ಹಾಳೆ ಖಾಲಿ ಇತ್ತು.

ಮಾವ: ಸೇಫ್ಟಿ ಆಫೀಸರ್ ಇಲ್ವೇನೋ?

ಅಳಿಯ: ಇದಾರೆ, ಜನರಲ್ ಶಿಫ್ಟು. ಐದೂವರೆ ಆದ್ಮೇಲೆ ಅಪಾಯಾನೇ ನಮ್ಮನ್ನ ನೋಡ್ಕೋಬೇಕು. ಮಾರ್ಚ್ 4ರ ಸೇಫ್ಟಿ ಡೇಗೆ ಹಗಲಿನೋರಿಗೆ ಬ್ಯಾಡ್ಜು, ಪ್ರತಿಜ್ಞೆ, ಲಾಡು. ನಮಗೆ ಪ್ರತಿಜ್ಞೆ ಮಾತ್ರ, ಅದೂ ನೋಟೀಸ್ ಬೋರ್ಡಲ್ಲಿ.

ಮಾವ: ಗ್ಲೌಸಾದ್ರೂ ಕೊಡ್ತಾರಾ?

ಅಳಿಯ: ಮೂರು ಶಿಫ್ಟಿಗೆ ಒಂದೇ ಜೊತೆ! ಸೆಕೆಂಡ್ ಶಿಫ್ಟಿನವನ ಬೆವರು ಆರೋದ್ರೊಳಗೆ ಅದರಲ್ಲಿ ನನ್ನ ಕೈ. ಒದ್ದೆ ಗ್ಲೌಸಲ್ಲಿ ಕಾದ ಲ್ಯಾಡಲ್ ಹಿಡಿದ್ರೆ ಒಳಗೇ ಇಡ್ಲಿ ಬೇಯುತ್ತೆ.

ಡ್ರೈವರ್: ರೀ, ಗ್ರಿಲ್ಲಿಂದ ಕೈ ಒಳಗೆ ತಗೊಳ್ರೀ!

ಅಳಿಯ: ಮಾವ, ಇಲ್ಲಿ ಯಾವುದಾದ್ರೂ ಕೆಲಸ ಖಾಲಿ ಇದ್ಯಾ, ಸ್ವಲ್ಪ ಕೇಳಿ.